ಅಂಚಿಲ್ಲದ ಕಪ್ಪು ಸೀರೆ

ಕಾರ್ನೆಗಿ ಹಾಲ್‌ನಲ್ಲಿ ಹಾಡಲು ಹೋಗ್ತಿದ್ದೀನಿ ಅಂದಾಗ ಅತ್ತೆ ಕೇಳಿದ ಮೊದಲ ಪ್ರಶ್ನೆ, "ಎಷ್ಟು ಕೊಡ್ತಾರೆ?" ಅವರು ಕೊಡಲ್ಲ ಅತ್ತೆ, ನಾವೇ ಕೊಡಬೇಕು ಅಂದೆ. ಅತ್ತೆ ಕಾಫಿ ಲೋಟ ಕೆಳಗಿಟ್ಟರು.

ನಮ್ಮಂಥ ಹವ್ಯಾಸಿ ಗುಂಪುಗಳನ್ನು ಊರೂರಿಂದ ಸೇರಿಸಿ, ಒಂದು ದೊಡ್ಡ ಕೋರಸ್ ಮಾಡಿ, ನ್ಯೂಯಾರ್ಕ್‌ನ ಆ ಹಾಲ್‌ನಲ್ಲಿ ಹಾಡಿಸುವ ಸಂಸ್ಥೆಗಳಿವೆ. ಶುಲ್ಕ, ವಿಮಾನ, ಹೋಟೆಲ್ ಎಲ್ಲ ಹಾಡುವವರದ್ದೇ. ನಮ್ಮ ಕ್ವಾಯರ್‌ನಿಂದ, ಅಂದ್ರೆ ಒಟ್ಟಿಗೆ ಹಾಡುವ ಗುಂಪಿನಿಂದ, 11 ಜನ ಹೊರಟೆವು. ಇಬ್ಬರು ಬ್ಯಾಂಕಿನವರು, ಒಬ್ಬರು ಹಲ್ಲಿನ ಡಾಕ್ಟರ್, ಉಳಿದವರು ಐಟಿ, ಅದನ್ನೇನು ಹೇಳೋದು.

ಹಾಡಬೇಕಿದ್ದದ್ದು ಪಾಶ್ಚಾತ್ಯ ಸಂಗೀತಗಾರ ಹ್ಯಾಂಡೆಲ್‌ನ ಮೆಸ್ಸಾಯ, ಯೇಸುವಿನ ಮೇಲಿನ ದೊಡ್ಡ ಗಾಯನಕೃತಿ. ನಾನು ಬಸವನಗುಡಿಯಲ್ಲಿ 12 ವರ್ಷ ಕರ್ನಾಟಕ ಸಂಗೀತ ಕಲಿತವಳು. ನನ್ನ ಶ್ರುತಿ, ಅಂದ್ರೆ ಹಾಡಿಗೆ ಆಧಾರವಾಗುವ ಸ್ವರದ ಎತ್ತರ, ಐದು ಕಟ್ಟೆ, ಏನೇ ಹಾಡಲಿ ಶ್ರುತಿಪೆಟ್ಟಿಗೆ ಅಲ್ಲಿಗೆ ತಿರುಗಿಸ್ಕೊಂಡು ಶುರು ಮಾಡೋದು. ಇಲ್ಲಿ ಹಾಗಿಲ್ಲ. ಹ್ಯಾಂಡೆಲ್ 1741ರಲ್ಲಿ ಬರೆದಿಟ್ಟ ಸ್ವರದ ಹತ್ತಿರ ನಾವೇ ಹೋಗಬೇಕು. ಹಲ್ಲೆಲೂಯಾ ಭಾಗ ಡಿ ಮೇಜರ್, ಅಂದ್ರೆ ಎರಡು ಕಟ್ಟೆಯಲ್ಲಿ ಶಂಕರಾಭರಣ ರಾಗದ ಸ್ವರಗಳು, ಇದೇನು ಮಹಾ ಅಂದ್ಕೊಂಡೆ. ನಾನಿದ್ದದ್ದು ಆಲ್ಟೋದಲ್ಲಿ, ಅಂದ್ರೆ ಹೆಂಗಸರ ತಗ್ಗು ದನಿಯ ಸಾಲಿನಲ್ಲಿ. ಮೊದಲ ಭಾನುವಾರವೇ ಕ್ವಾಯರ್ ಕಲಿಸುವ ಸಾರ್ ಪಿಯಾನೋ ನಿಲ್ಲಿಸಿ "ಆಲ್ಟೋದಲ್ಲಿ ಯಾರೋ ಗಮಕ ಹಾಕ್ತಿದ್ದಾರೆ" ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಸ್ವರವನ್ನು ಅಲ್ಲಾಡಿಸದೆ ಸುಮ್ನೆ ಹಿಡಿದಿರೋದು ಇಷ್ಟು ಕಷ್ಟ ಅಂತ ಯಾರೂ ಹೇಳಿರಲಿಲ್ಲ. ಆರು ತಿಂಗಳು ನ್ಯಾಷನಲ್ ಕಾಲೇಜ್ ಸ್ಟೇಷನ್ನಿಂದ ಮೆಜೆಸ್ಟಿಕ್‌ವರೆಗೆ ಇಯರ್‌ಫೋನಿನಲ್ಲಿ ಬರೀ ಆಲ್ಟೋ ಸಾಲು ಕೇಳ್ತಾ, ಬಾಯಿ ಆಡಿಸ್ತಾ ಹೋದೆ. ಆಲ್ಟೋ ಒಂದನ್ನೇ ಕೇಳಿದರೆ ಅದು ಹಾಡು ಅಂತಲೇ ಅನ್ನಿಸಲ್ಲ. ಪಕ್ಕದವರು ಯಾವುದೋ ಸ್ತೋತ್ರ ಅಂದ್ಕೊಂಡಿರಬೇಕು.

ಆಮೇಲೆ ಬಟ್ಟೆಯ ಗಲಾಟೆ. ಸೀರೆ ಉಡಬಹುದು, ಆದರೆ ಪೂರ್ತಿ ಕಪ್ಪು, ಜರಿ ಇರಬಾರದು ಅಂತ ಮೇಲ್ ಬಂತು. ಚಿಕ್ಕಪೇಟೆಯಲ್ಲಿ ನಾಲ್ಕು ಅಂಗಡಿ ಹತ್ತಿ ಇಳಿದೆ. "ಅಂಚೇ ಇಲ್ಲದ್ದಾ? ಕಪ್ಪಾ? ಏನಕ್ಕೆ ಮೇಡಂ?" ಅತ್ತೆಗಂತೂ ಒಳ್ಳೆ ಕೆಲಸಕ್ಕೆ ಹೊರಟವಳು ಕಪ್ಪು ಉಡೋದೇ ಹಿಡಿಸಲಿಲ್ಲ. 1742ರಲ್ಲಿ ಡಬ್ಲಿನ್‌ನಲ್ಲಿ ಮೆಸ್ಸಾಯವನ್ನು ಮೊದಲ ಸಲ ಹಾಡಿದಾಗ, ಜಾಗ ಸಾಲಲ್ಲ ಅಂತ ಕೇಳೋಕೆ ಬರುವ ಹೆಂಗಸರು ಒಳಗೆ ಬಳೆ ಕಟ್ಟಿದ ಅಗಲದ ಲಂಗ ಹಾಕಬಾರದು, ಗಂಡಸರು ಕತ್ತಿ ತರಬಾರದು ಅಂತ ಮೊದಲೇ ಕೇಳಿಕೊಂಡಿದ್ದರು, ಅದಕ್ಕಿಂತ ಇದು ವಾಸಿ ಅಲ್ವಾ ಅಂದೆ. "ಕಪ್ಪು ಉಡಿ ಅಂತ ಹೇಳಿದ್ರಾ?" ಅಂದರು. ಇಲ್ಲ.

ನ್ಯೂಯಾರ್ಕ್‌ನಲ್ಲಿ ಮೂರು ದಿನ ಹೋಟೆಲಿನಲ್ಲೇ ಪ್ರಾಕ್ಟೀಸ್. ಕಾರ್ನೆಗಿ ವೇದಿಕೆ ಹತ್ತಿದ್ದು ಕಛೇರಿಯ ದಿನವೇ. ಸುಮಾರು 2800 ಸೀಟು, ನಮ್ಮ ಚೌಡಯ್ಯ ಹಾಲ್ ಎರಡು ಸೇರಿಸಿದರೂ ಸಾಲದು. ಖಾಲಿ ಇದ್ದಾಗಲೇ ನೋಡಿ ಕಾಲು ನಡುಗಿತು. ನನ್ನ ಪಕ್ಕ ಇನ್ಯಾವುದೋ ದೇಶದ ಅಜ್ಜಿ. ಉದ್ದದ ಸ್ವರ ಬಂದಾಗ ಎಲ್ಲರೂ ಒಟ್ಟಿಗೆ ಉಸಿರು ತಗೊಳ್ಳುವಂತಿಲ್ಲ, ಸ್ವರ ಕಡಿದುಹೋಗುತ್ತೆ. ಮೊದಲು ನೀನು, ಆಮೇಲೆ ನಾನು ಅಂತ ಅಜ್ಜಿ ಬೆರಳಲ್ಲೇ ತೋರಿಸಿದರು. ಕೊನೆವರೆಗೂ ಹಾಗೇ ಹಾಡಿದೆವು. ನನ್ನ ದನಿ ನನಗೇ ಕೇಳಿಸಲಿಲ್ಲ, ಬೇಜಾರೂ ಆಗಲಿಲ್ಲ. ಅವರ ಹೆಸರು ಕೇಳೋದು ಮಾತ್ರ ಮರೆತೇಹೋಯ್ತು.

ಸೀರೆ ಈಗ ಬೀರುವಿನಲ್ಲಿದೆ. ಅದಕ್ಕೊಂದು ಕೆಂಪು ಅಂಚು ಹಚ್ಚಿಸೋಣ ಅಂತಿದ್ದಾರೆ ಅತ್ತೆ.