ಎರಡು ಕೊಳಗ

ಅಂಕೋಲೆ ಹತ್ತಿರದ ನಮ್ಮ ಹಳೇ ಮನೆ ಕೆಡವುವ ಮುನ್ನಾದಿನ ಅಟ್ಟ ಖಾಲಿ ಮಾಡಲು ಹೋಗಿದ್ದೆ. ಕೈ ಜೋಡಿಸಲು ಬಂದವರು ನಮ್ಮ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ ಹಳೇ ಒಕ್ಕಲಿನ ಮಗ. ಅರವತ್ತು ದಾಟಿದೆ, ಆದರೆ ಏಣಿ ಹತ್ತುವುದರಲ್ಲಿ ನನಗಿಂತ ಚುರುಕು. ನಾನು ಅವರಿಗೆ ಅಣ್ಣ ಅನ್ನುತ್ತೇನೆ, ಅವರು ನನಗೆ ತಮಾ ಅನ್ನುತ್ತಾರೆ. ಅವರಪ್ಪ ನನ್ನ ಅಜ್ಜನಿಗೆ ಒಡೇರೇ ಅನ್ನುತ್ತಿದ್ದರು. ಅದೂ ಅಂಗಳದಲ್ಲೇ ನಿಂತು.

ಅಟ್ಟದಲ್ಲಿ ಗೆದ್ದಲು ತಿಂದ ಲೆಕ್ಕದ ಪುಸ್ತಕ, ಲಾಟೀನು, ಕಾಲು ಮುರಿದ ತೊಟ್ಟಿಲು. ಮೂಲೆಯಲ್ಲಿ ಭತ್ತ ಅಳೆಯುವ ಎರಡು ಕೊಳಗ. ಮರದವು, ಬಾಯಿಗೆ ಕಬ್ಬಿಣದ ಪಟ್ಟಿ. ನನಗೆ ಎರಡೂ ಒಂದೇ ಥರ ಕಂಡವು.

"ಒಂದು ಕೊಡೂದು, ಒಂದು ತಗೊಳೂದು" ಅಂದರು ಅಣ್ಣ.

ಕೆಳಗೆ ತಂದು ಮಧ್ಯಾಹ್ನದ ಅಡುಗೆಗೆ ತಂದಿದ್ದ ಚೀಲದ ಅಕ್ಕಿಯನ್ನು ಒಂದಕ್ಕೆ ತುಂಬಿದರು. ಕೈಯಿಂದ ಬಾಯಿ ಸವರಿ ಸಮ ಮಾಡಿದರು. ಅದನ್ನೇ ಇನ್ನೊಂದಕ್ಕೆ ಸುರಿದರು. ಅಕ್ಕಿ ಪಟ್ಟಿಗಿಂತ ಮೂರು ಬೆರಳು ಕೆಳಗೆ ನಿಂತಿತು. ಬೀಜದ ಭತ್ತ ಸಾಲ ಕೊಡುವಾಗ ಚಿಕ್ಕದು, ಗೇಣಿ ಅಳೆಯುವಾಗ ದೊಡ್ಡದು. ಘಟ್ಟದ ಮೇಲೆ ಕಾಗೋಡಿನಲ್ಲಿ 1951ರ ಸತ್ಯಾಗ್ರಹ ಹೊತ್ತಿಕೊಂಡಿದ್ದು ಇದೇ ಕೊಳಗದ ಜಗಳದಿಂದ ಅಂತ ನಾನು ಓದಿದ್ದೆ. ನಮ್ಮ ಅಟ್ಟದಲ್ಲೂ ಒಂದು ಜೊತೆ ಇರುತ್ತದೆ ಅಂತ ಮಾತ್ರ ಯಾಕೋ ಹೊಳೆದಿರಲಿಲ್ಲ.

ನಮ್ಮ ಮನೆಯಲ್ಲಿ ಹೇಳುತ್ತಿದ್ದ ಕತೆ ಬೇರೆ. ಅದು ಶಿರಸಿ ಹತ್ತಿರದ ಸೋದೆ ಅರಸರಿಂದ ಶುರುವಾಗುತ್ತಿತ್ತು. 1763ರಲ್ಲಿ ಹೈದರಾಲಿ ಬಿದನೂರು ಹಿಡಿದ. ಆಮೇಲೆ ಅವನ ಸೈನ್ಯ ಶಿರಸಿ ಕಡೆಗೆ ತಿರುಗಿತು. ಸೋದೆ ಅರಸರು ಗೋವೆಗೆ ಹೋಗಿ ಪೋರ್ಚುಗೀಸರ ಆಸರೆಯಲ್ಲಿ ಉಳಿದರು. "ಅರಸರೇ ಗಂಟುಮೂಟೆ ಕಟ್ಟಿದರು, ನಾವ್ಯಾವ ಲೆಕ್ಕ" ಅಂತ ಅಜ್ಜ ನಿಟ್ಟುಸಿರು ಬಿಡುತ್ತಿದ್ದರಂತೆ. ನಾಲ್ಕು ಗದ್ದೆ ಹೋದದ್ದಕ್ಕೆ ಅರಸರ ಹೋಲಿಕೆ! ಹಳೇ ಮನೆತನದವರಿಗೆ ಇದೊಂದು ಚಟ.

ದಿನಕರ ದೇಸಾಯಿಯವರ ಹೆಸರು ಹೇಳಿದರೆ ಅಜ್ಜನಿಗೆ ಆಗುತ್ತಿರಲಿಲ್ಲ. ರೈತರನ್ನು ಎಬ್ಬಿಸಿದರು, ಬ್ರಿಟಿಷರು ಅವರನ್ನು ಜಿಲ್ಲೆಯಿಂದ ಗಡಿಪಾರು ಮಾಡಿದರೂ ಬಿಡಲಿಲ್ಲ ಎಂಬ ಸಿಟ್ಟು. ಆದರೆ ಅವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹೈಸ್ಕೂಲು ನಡೆಸಿದಾಗ, ನನ್ನ ಅಪ್ಪನನ್ನು ಅಜ್ಜ ಅಲ್ಲಿಗೇ ಕಳಿಸಿದರು. ಜಮೀನು ಕೈತಪ್ಪುವ ವಾಸನೆ ಅವರಿಗೆ ಬೇಗ ಬಡಿದಿರಬೇಕು. ಅಪ್ಪ ಅಲ್ಲಿ ಓದಿ ಬ್ಯಾಂಕು ಸೇರಿದರು. ಒಕ್ಕಲುಗಳ ಮಕ್ಕಳೂ ಅದೇ ಬೆಂಚಿನ ಮೇಲೆ ಕೂತಿದ್ದರು.

1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರದ್ದಾಯಿತು. ದೇವರಾಜ ಅರಸರ ಕಾಲ. ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಒಕ್ಕಲು ಮಾಡಬೇಕಾದದ್ದು ಏಳನೇ ನಮೂನೆ ಅರ್ಜಿ ಹಾಕುವುದು, ಅಷ್ಟೇ. ಊರಲ್ಲಿ ಅದಕ್ಕೆ 'ಡಿಕ್ಲರೇಷನ್' ಅಂತ ಹೆಸರು. ಅಜ್ಜ ವಕೀಲರ ಹತ್ತಿರ ಓಡಿದರು. ಆ ಅರ್ಜಿ ವಿಚಾರಿಸುವ ಟ್ರಿಬ್ಯೂನಲ್ ಮುಂದೆ ವಕೀಲರು ಬರುವ ಹಾಗೇ ಇಲ್ಲ ಅಂತ ಕಾಯ್ದೆಯಲ್ಲಿ ಬರೆದಿತ್ತು! ನಮ್ಮ ಒಕ್ಕಲುಗಳಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ಅರ್ಜಿ ಹಾಕಿದರು.

ಆ ಒಬ್ಬರು ಈ ಅಣ್ಣನ ಅಪ್ಪ.

"ನಿಮ್ಮಜ್ಜ ಕತ್ತಲಾದ ಮೇಲೆ ನಮ್ಮನಿಗೆ ಬಂದಿದ್ರು ತಮಾ. ಅದೇ ಮೊದಲು, ಅದೇ ಕೊನೆ. ಚಾಪೆ ಮೇಲೆ ಕೂತ್ರು. ನನ್ನ ಕೈ ಬಿಡ್ಬೇಡ ಅಂದ್ರು."

ನನಗೆ ಗೊತ್ತಿದ್ದದ್ದು ಇಷ್ಟೇ: 'ಒಬ್ಬ ಒಕ್ಕಲು ನಿಯತ್ತಿನವನು, ಡಿಕ್ಲರೇಷನ್ ಹಾಕಲಿಲ್ಲ.' ಹಬ್ಬಕ್ಕೆ ನೆಂಟರು ಸೇರಿದಾಗಲೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದ ಮಾತು. ಅಜ್ಜ ಚಾಪೆ ಮೇಲೆ ಕೂತದ್ದನ್ನು ಯಾರೂ ಹೇಳಿರಲಿಲ್ಲ.

ಅರ್ಜಿ ಹಾಕಲು ಕೊನೆಯ ದಿನ ಮುಂದಕ್ಕೆ ಹೋಗುತ್ತಾ ಹೋಗುತ್ತಾ 1979ರ ಜೂನ್ 30ಕ್ಕೆ ನಿಂತಿತು. ಆಮೇಲೆ ಬಾಗಿಲು ಮುಚ್ಚಿತು. ಕೆಲವು ವರ್ಷ ಬಿಟ್ಟು ನಮ್ಮವರು ಆ ಗದ್ದೆ ಮಾರಿದರು. ಆ ದುಡ್ಡಲ್ಲಿ ಹುಬ್ಬಳ್ಳಿಯಲ್ಲಿ ಚಿಕ್ಕಪ್ಪನ ಮನೆ ಎದ್ದಿತು. ಅಲ್ಲಿದ್ದುಕೊಂಡೇ ನಾನು ಕಾಲೇಜು ಓದಿದ್ದು. ಅರ್ಜಿ ಹಾಕಿದ ಉಳಿದವರ ಮಕ್ಕಳಿಗೆ ಇವತ್ತು ಗದ್ದೆ ಇದೆ. ಒಂದಿಬ್ಬರದ್ದು ಹೈವೇ ಪಕ್ಕಕ್ಕೇ ಇದೆ. ಈ ಅಣ್ಣನಿಗಿರುವುದು ಮನೆ ಅಡಿಯ ಜಾಗ ಮಾತ್ರ.

"ನಿಮ್ಮಪ್ಪ ಆಮೇಲೆ ಬೇಜಾರು ಮಾಡ್ಕೊಂಡ್ರಾ?" ಕೇಳಬಾರದಿತ್ತೋ ಏನೋ.

"ಅಪ್ಪ ಎಂತದೂ ಹೇಳ್ಲಿಲ್ಲ. ಅವ್ವಿ ಮಾತ್ರ ಸಾಯೂವರೆಗೂ ಬೈದ್ಲು" ಅಂದು ನಕ್ಕರು. ಅಕ್ಕಿಯನ್ನು ಒಂದು ಕಾಳೂ ಚೆಲ್ಲದೆ ಚೀಲಕ್ಕೆ ವಾಪಸ್ ಸುರಿದರು.

ಸಂಜೆ ಕೂಲಿ ಜಾಸ್ತಿ ಕೊಡಲು ಹೋದೆ. ಊರಲ್ಲಿ ನಡೆಯುವಷ್ಟನ್ನು ಎಣಿಸಿಕೊಂಡು ಉಳಿದದ್ದನ್ನು ಕೈಗಿಟ್ಟರು. ಕೊಳಗವಾದರೂ ಇಟ್ಟುಕೊಳ್ಳಿ ಅಂದೆ.

"ಇದ್ರಲ್ಲಿ ಎಂತ ಅಳೆಯೂದು ಮಾರಾಯಾ? ರೇಷನ್ ಅಕ್ಕಿ ಕಿಲೋದಲ್ಲಿ ಬತ್ತದೆ."

ಎರಡನ್ನೂ ಕಾರಿಗೆ ಹಾಕಿಕೊಂಡು ಬಂದೆ. ಚಿಕ್ಕದು ಎಲ್ಲೋ ಪೆಟ್ಟಿಗೆಯೊಳಗಿದೆ. ದೊಡ್ಡದಕ್ಕೆ ಹೆಂಡತಿ ಪಾಲಿಶ್ ಮಾಡಿಸಿ, ಗಿಡ ನೆಟ್ಟು ಹಾಲ್‌ನಲ್ಲಿ ಇಟ್ಟಿದ್ದಾಳೆ. ಬಂದವರೆಲ್ಲ ಚೆನ್ನಾಗಿದೆ, ಎಲ್ಲಿ ತಗೊಂಡ್ರಿ ಅಂತ ಕೇಳುತ್ತಾರೆ. ಅಜ್ಜನ ಕಾಲದ್ದು ಅನ್ನುತ್ತೇನೆ.