ಕೂಳೆ ಗದ್ದೆಯಲ್ಲಿ ಕುದುರೆಗಳು

ಫೆಬ್ರವರಿ 9, 2025, ಭಾನುವಾರ
ಶಿವಮೊಗ್ಗ, ರಾತ್ರಿ

ನಿನ್ನೆ ಸಂಜೆ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಸ್ಸಲ್ಲಿ ಬರುವಾಗಲೂ ಅದೇ ಗುಂಗು. ಇವತ್ತೇ ಬರೆದಿಡಬೇಕು.

ಶಿರಾಳಕೊಪ್ಪದ ಹತ್ತಿರ ಸೋದರಮಾವನ ಮನೆಗೆ ಹೋಗಿದ್ದೆ. ಭತ್ತದ ಕೊಯ್ಲು ಮುಗಿದು ಗದ್ದೆಯಲ್ಲಿ ಈಗ ಬರೀ ಕೂಳೆ. ಬೆಳಗಾವಿ ಕಡೆಯ ಕುರಿಗಾರರು ಬಂದು ಇಳಿದಿದ್ದರು. ರಾತ್ರಿ ಕುರಿ ಮಂದೆಯನ್ನು ಗದ್ದೆಯಲ್ಲಿ ನಿಲ್ಲಿಸಿದರೆ ಹಿಕ್ಕೆ, ಗಂಜಲ ಎರಡೂ ನೆಲಕ್ಕೆ ಸೇರುತ್ತದೆ. ಅದಕ್ಕೆ ಮಾವ ಇಷ್ಟು ದುಡ್ಡು, ಇಷ್ಟು ಕಾಳು ಅಂತ ಮಾತಾಡಿಕೊಂಡಿದ್ದರು. ಈ ಜನರ ಇಡೀ ಸಂಸಾರ ಕುದುರೆ ಬೆನ್ನ ಮೇಲೇ ತಿರುಗುತ್ತದೆ. ಕಂಬಳಿ, ಪಾತ್ರೆ, ಹಿಟ್ಟಿನ ಚೀಲ, ಕೋಳಿ, ನಡೆಯಲಾರದ ಕುರಿಮರಿ, ಎಲ್ಲ.

ನಾನು ನೋಡಿದ ಕುದುರೆಗಳೇ ಕಮ್ಮಿ. ನಮ್ಮ ಕಡೆ ದನ, ಎಮ್ಮೆ ಜಾಸ್ತಿ. ಮದುವೆ ಮೆರವಣಿಗೆಯಲ್ಲಿ ಒಂದೆರಡು ನೋಡಿರಬಹುದು. ಇನ್ನು ಈ ಸೀಮೆಯ ಹಳೇ ವೀರಗಲ್ಲುಗಳಲ್ಲಿ ಕುದುರೆ ಇರುತ್ತದೆ. ಅಲ್ಲೂ ಬೆನ್ನ ಮೇಲೆ ಕತ್ತಿ ಹಿಡಿದವನು ಒಬ್ಬ ಇದ್ದೇ ಇರುತ್ತಾನೆ. ಮನುಷ್ಯನೋ ಹೊರೆಯೋ ಇಲ್ಲದ ಕುದುರೆ ಹೇಗಿರುತ್ತದೆ ಅಂತ ನಾನು ಯಾವತ್ತೂ ಯೋಚಿಸಿಯೇ ಇರಲಿಲ್ಲ.

ನಾನು ಗದ್ದೆಗೆ ಹೋದಾಗ ಕುರಿಗಾರರ ಹೆಂಗಸು ಕೊನೆಯ ಹೊರೆ ಇಳಿಸುತ್ತಿದ್ದಳು. ಏಳು ತಟ್ಟು ಕುದುರೆ, ಒಂದು ಮರಿ. ಹೊರೆ ಇಳಿದ ಕೂಡಲೇ ಒಂದೊಂದೇ ನೆಲಕ್ಕೆ ಬಿದ್ದು, ನಾಲ್ಕೂ ಕಾಲು ಮೇಲೆ ಮಾಡಿ ಹೊರಳಿದವು. ಎದ್ದು ಮೈ ಕೊಡವಿದಾಗ ಧೂಳು ಮೋಡದ ಹಾಗೆ ಎದ್ದಿತು. ಬೆವರಿ ಅಂಟಿದ್ದ ಬೆನ್ನಿನ ಕೂದಲು ಆಮೇಲೆ ಬಿಡಿಬಿಡಿಯಾಯಿತು.

"ಕತ್ತಲಾದ ಮ್ಯಾಲೆ ಮುಂಗಾಲಿಗೆ ಹಗ್ಗ ಹಾಕ್ತೇವ್ರಿ ಅಕ್ಕಾರ, ದೂರ ಹೋಗಬಾರದಂತ" ಅಂದಳು ಆಕೆ. "ಅಲ್ಲೀಮಟ ಹಂಗ ಬಿಟ್ಟಿರ್ತೇವಿ. ಅವಕ್ಕೂ ಮೈ ಹಗರಾಗಬೇಕಲ್ರಿ."

ಸ್ವಲ್ಪ ಹೊತ್ತು ಸುಮ್ನೆ ಮೇಯುತ್ತಿದ್ದವು. ಕೆರೆ ಕಡೆಯಿಂದ ತಣ್ಣನೆ ಗಾಳಿ ಬಂತು. ಕಂದು ಬಣ್ಣದ ಮುದಿ ಹೆಣ್ಣು ಕುದುರೆಯೊಂದು ತಲೆ ಎತ್ತಿತು. ಕಿವಿ ನೆಟ್ಟಗಾಯಿತು. ಉಳಿದವೂ ಮೇಯುವುದನ್ನು ಬಿಟ್ಟು ಅದರ ಕಡೆ ನೋಡಿದವು. ಆಮೇಲೆ ಯಾರು ಮೊದಲು, ಯಾರು ಹಿಂದೆ ಗೊತ್ತಾಗಲಿಲ್ಲ. ಏಳೂ ಕುದುರೆ ಓಡುತ್ತಿದ್ದವು!

ನಾನು ಅಂಚಿನ ಮೇಲೆ ಬರಿಗಾಲಲ್ಲಿ ನಿಂತಿದ್ದೆ. ಸದ್ದು ಮೊದಲು ಅಂಗಾಲಿಗೆ ಬಂತು, ಆಮೇಲೆ ಕಿವಿಗೆ. ಒಣಗಿದ ಗದ್ದೆ ಡೋಲಿನ ಹಾಗೆ ಗುಡುಗುತ್ತಿತ್ತು. ಹತ್ತಿರ ಬಂದಾಗ ಗೊರಸಿನ ಸದ್ದಿನ ಜೊತೆಗೇ ಮೂಗಿನಿಂದ ಬುಸ್, ಬುಸ್ ಅಂತ ಉಸಿರು. ನಾಗಾಲೋಟದಲ್ಲಿ ಕುದುರೆ ಒಂದು ನೆಗೆತಕ್ಕೆ ಒಂದೇ ಉಸಿರು ತೆಗೆದುಕೊಳ್ಳುತ್ತದೆ. ಬಾಯಲ್ಲಿ ಉಸಿರಾಡಲು ಅದಕ್ಕೆ ಬರುವುದಿಲ್ಲ. ಹಾಗಾಗಿ ಕಾಲು, ಉಸಿರು ಎರಡಕ್ಕೂ ಒಂದೇ ತಾಳ. ಓದಿ ಗೊತ್ತಿದ್ದ ಈ ಮಾತನ್ನು ನಿನ್ನೆ ಕಿವಿಯಾರೆ ಕೇಳಿದೆ.

ಕಾಲುಗಳನ್ನು ಮಾತ್ರ ಎಷ್ಟು ನೋಡಿದರೂ ಹಿಡಿಯಲಾಗಲಿಲ್ಲ. ನಾಲ್ಕೂ ಕಾಲು ನೆಲ ಬಿಟ್ಟಿರುವ ಒಂದು ಕ್ಷಣ ಇರುತ್ತದೆ. 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಅನ್ನುವವರು ಸಾಲಾಗಿ ಕ್ಯಾಮೆರಾ ಇಟ್ಟು ಫೋಟೋ ತೆಗೆದ ಮೇಲೆಯೇ ಅದು ಸರಿಯಾಗಿ ಕಂಡಿದ್ದು. ಅಲ್ಲಿಯವರೆಗೆ ಚಿತ್ರ ಬರೆಯುವವರು ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಬರೆಯುತ್ತಿದ್ದರು. ನಿಜಕ್ಕೂ ಆ ಕ್ಷಣದಲ್ಲಿ ನಾಲ್ಕೂ ಕಾಲು ಹೊಟ್ಟೆಯ ಕೆಳಗೆ ಮಡಚಿ ಕೂಡಿರುತ್ತವೆ. ಅವರನ್ನು ತಪ್ಪು ಅನ್ನಲು ನನಗೆ ಮನಸ್ಸು ಬರಲ್ಲ. ನಿನ್ನೆ ನನಗೆ ಕಂಡಿದ್ದೂ ಚಾಚಿದ ಕಾಲುಗಳೇ.

ಮರಿಯದೇ ಒಂದು ಕಥೆ. ಎರಡು ತಿಂಗಳಾಗಿತ್ತಂತೆ, ದಾರಿಯಲ್ಲಿ ಹುಟ್ಟಿದ್ದು. "ಮರುದಿನಾನ ನಮ್ಮ ಜೋಡಿ ನಡಕೋಂತ ಬಂತ್ರಿ" ಅಂದಳು ಆಕೆ. ಮೈಗಿಂತ ಕಾಲೇ ಉದ್ದ. ದೊಡ್ಡವು ಗದ್ದೆ ಅಂಚುಗಳನ್ನು ಲೆಕ್ಕಕ್ಕೇ ಇಡದೆ ಹಾರಿ ಹೋದವು. ಮರಿ ಮೊದಲ ಅಂಚಿಗೆ ಬಂದು ಗಕ್ಕನೆ ನಿಂತಿತು. ಆ ಕಡೆ ಓಡಿತು, ಈ ಕಡೆ ಓಡಿತು. ಸಣ್ಣ ದನಿಯಲ್ಲಿ ಕೆನೆಯಿತು. ತಾಯಿ ದೂರದಿಂದಲೇ ಉತ್ತರ ಕೊಟ್ಟಿತೇ ಹೊರತು ತಿರುಗಿ ಬರಲಿಲ್ಲ. ಆಗ ಮರಿ ನಾಲ್ಕು ಹೆಜ್ಜೆ ಹಿಂದೆ ಬಂದು, ಓಡಿ, ಹಾರಿಯೇ ಬಿಟ್ಟಿತು! ಬೇಕಾದ್ದಕ್ಕಿಂತ ಎರಡರಷ್ಟು ಎತ್ತರಕ್ಕೆ. ಆ ಕಡೆ ಇಳಿದಾಗ ಮಂಡಿ ಊರಿತು, ಎದ್ದಿತು. ಎರಡನೇ ಅಂಚಿಗೆ ನಿಲ್ಲಲೇ ಇಲ್ಲ. ನನಗೆ ಗೊತ್ತಿಲ್ಲದೆ ಚಪ್ಪಾಳೆ ಹೊಡೆದಿದ್ದೆ. ಕಣ್ಣಲ್ಲಿ ನೀರೂ ಬಂದಿತ್ತು.

ಕೆರೆ ಏರಿಯವರೆಗೆ ಹೋಗಿ ಎಲ್ಲವೂ ಒಟ್ಟಿಗೆ ತಿರುಗಿದವು. ಯಾರೂ ಕೂಗಲಿಲ್ಲ, ಒಂದಕ್ಕೊಂದು ತಾಗಲಿಲ್ಲ. ಹಕ್ಕಿ ಹಿಂಡು ತಿರುಗುತ್ತದಲ್ವಾ, ಹಾಗೆ. ಮೂರು ಸುತ್ತು. ಓಡಿಸುವವರಿಲ್ಲ, ಹೋಗಿ ಮುಟ್ಟಬೇಕಾದ ಊರಿಲ್ಲ. ದಿನವಿಡೀ ಹೊರೆ ಹೊತ್ತು ನಡೆದ ಪ್ರಾಣಿಗಳು, ಮತ್ತೆ ಓಡಿದ್ದು ಅವುಗಳದೇ ಖುಷಿಗೆ. ಮೂರನೇ ಸುತ್ತಿಗೆ ಮಾವ ಬಂದು ಪಕ್ಕದಲ್ಲಿ ನಿಂತರು. ಎಪ್ಪತ್ತೆರಡು ವರ್ಷ ಅವರಿಗೆ. ಟವೆಲ್ ತಲೆಯಿಂದ ತೆಗೆದು ಕೈಯಲ್ಲಿ ಹಿಡಿದಿದ್ದರು. "ನಮ್ಮ ಗದ್ದೆ ಇಷ್ಟು ದೊಡ್ಡದು ಅಂತ ಗೊತ್ತೇ ಇರಲಿಲ್ಲ ನೋಡೇ" ಅಂದರು.

ಆಮೇಲೆ ನಿಂತವು. ಹೊಟ್ಟೆ ಏರಿಳಿಯುತ್ತಿತ್ತು. ತಲೆ ಬಗ್ಗಿಸಿ ಮತ್ತೆ ಕೂಳೆಗೆ ಬಾಯಿ ಹಾಕಿದವು. ಕತ್ತಲಾದಾಗ ಆಕೆ ಹಗ್ಗ ಹಿಡಿದು ಹೋದಳು. ಮುದಿ ಕುದುರೆ ತಾನಾಗೇ ಬಂದು ಅವಳ ಭುಜದ ಹತ್ತಿರ ಮೂತಿ ತಂದು ನಿಂತಿತು. ಮರಿಗೆ ಹಗ್ಗ ಹಾಕುವುದಿಲ್ಲವಂತೆ, ತಾಯಿ ಬಿಟ್ಟು ಎಲ್ಲೂ ಹೋಗಲ್ಲ ಅಂತ.

ಬೆಳಿಗ್ಗೆ ಎದ್ದು ಮೊದಲು ಗದ್ದೆಗೆ ಹೋದೆ. ಮೊದಲ ಅಂಚಿನ ಆಚೆ ಮರಿಯ ಮಂಡಿ ಊರಿದ ಗುರುತು ಹಾಗೇ ಇತ್ತು.

ಇನ್ನೊಂದು ವಾರ ಮಂದೆ ಅದೇ ಬಯಲಲ್ಲಿ ಇರುತ್ತದೆ, ಆಮೇಲೆ ಆನವಟ್ಟಿ ಕಡೆಗೆ. ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೇನೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಹೊರಡುತ್ತೇವೆ.