ಸಿಮ್ಯುಲೇಶನ್ ಗೆಲಾಕ್ಸಿಯನ್ನು ಯುವಿಐಟಿ ಚಿತ್ರದ ಪಕ್ಕ ಇಡುವ ಮುನ್ನ

ಗೆಲಾಕ್ಸಿಗಳು ಹುಟ್ಟಿ ಬೆಳೆಯುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ ಟಿಎನ್‌ಜಿ100 ಸಿಮ್ಯುಲೇಶನ್‌ನ ದತ್ತಾಂಶ ಯಾರಿಗೆ ಬೇಕಾದರೂ ಸಿಗುತ್ತದೆ. ಹೊಸಕೋಟೆಯಲ್ಲಿ ಜೋಡಿಸಿ 2015ರಲ್ಲಿ ಆಸ್ಟ್ರೋಸ್ಯಾಟ್ ಉಪಗ್ರಹದ ಮೇಲೆ ಹಾರಿಸಿದ ಯುವಿಐಟಿ ಎಂಬ ಅತಿನೇರಳೆ ದೂರದರ್ಶಕದ ಚಿತ್ರಗಳು ಇಸ್ರೋದ ಬ್ಯಾಲಾಳು ಕೇಂದ್ರದ ಆರ್ಕೈವ್‌ನಲ್ಲಿವೆ. ಬೆಂಗಳೂರಿನಲ್ಲಿ ಪ್ರಾಜೆಕ್ಟ್‌ಗೆಂದು ಇವೆರಡನ್ನೂ ಹೋಲಿಸಲು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ದೂರ ನೋಡಿ. ಯುವಿಐಟಿ ಸುಮಾರು 1.5 ಆರ್ಕ್‌ಸೆಕೆಂಡ್ (ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ) ವಿವರ ತೋರಿಸುತ್ತದೆ. 20 ಮೆಗಾಪಾರ್ಸೆಕ್ (ಒಂದು ಪಾರ್ಸೆಕ್ ಸುಮಾರು 3.26 ಜ್ಯೋತಿರ್ವರ್ಷ, ಮೆಗಾ ಎಂದರೆ ಹತ್ತು ಲಕ್ಷ) ದೂರದಲ್ಲಿ ಅದು ಸುಮಾರು 145 ಪಾರ್ಸೆಕ್. ಟಿಎನ್‌ಜಿ100ರಲ್ಲಿ ನಕ್ಷತ್ರಗಳ ದೊಡ್ಡ ಗುಂಪಿಗೊಂದು ‘ನಕ್ಷತ್ರ ಕಣ’; ಆ ಕಣಗಳ ಗುರುತ್ವವನ್ನು ಹತ್ತಿರದಲ್ಲಿ ಬೇಕೆಂದೇ ಮೆದುವಾಗಿಸುವ ಸಾಫ್ಟನಿಂಗ್ ಉದ್ದ ಸುಮಾರು 740 ಪಾರ್ಸೆಕ್. ಸಿಮ್ಯುಲೇಶನ್ ಚಿತ್ರವನ್ನು ಮಸುಕು ಮಾಡಿದರೆ ಸಾಕು ಎಂಬ ರೂಢಿ ಇಲ್ಲಿ ತಲೆಕೆಳಗು: ದೂರದರ್ಶಕವೇ ಹೆಚ್ಚು ಸೂಕ್ಷ್ಮವಾಗಿ ನೋಡುತ್ತಿದೆ, ಮಸುಕು ಮಾಡಬೇಕಾದದ್ದು ಅದರ ಚಿತ್ರವನ್ನು. ಎರಡೂ ಸರಿಸಮ ಆಗುವುದು 100 ಮೆಗಾಪಾರ್ಸೆಕ್ ಹತ್ತಿರ, ಅಂದರೆ ಸುಮಾರು 33 ಕೋಟಿ ಜ್ಯೋತಿರ್ವರ್ಷ. ಅಲ್ಲಿಯೂ ಎಚ್ಚರ ಬೇಕು. ಗುರುತ್ವ ಪೂರ್ತಿ ನ್ಯೂಟನ್ ನಿಯಮಕ್ಕೆ ಮರಳುವುದು ಸಾಫ್ಟನಿಂಗ್‌ನ 2.8 ಪಟ್ಟು ದೂರದಲ್ಲಿ, ಸುಮಾರು 2 ಕಿಲೋಪಾರ್ಸೆಕ್ ಆಚೆ. ಕೇಂದ್ರದ ರಚನೆ ಬಗ್ಗೆ ಅದಕ್ಕಿಂತ ಒಳಗೆ ಏನೂ ಹೇಳಹೋಗಬೇಡಿ.

ಅತಿನೇರಳೆಯಲ್ಲಿ ನಿಜವಾಗಿ ಕಾಡುವುದು ಕಣಗಳ ತೂಕ. ಒಂದು ನಕ್ಷತ್ರ ಕಣ ಸುಮಾರು 14 ಲಕ್ಷ ಸೂರ್ಯರಷ್ಟು ಭಾರ, ಅದರೊಳಗಿನ ನಕ್ಷತ್ರಗಳಿಗೆಲ್ಲ ಒಂದೇ ವಯಸ್ಸು. ವರ್ಷಕ್ಕೆ ಒಂದು ಸೂರ್ಯನಷ್ಟು ನಕ್ಷತ್ರ ಹುಟ್ಟಿಸುವ ಗೆಲಾಕ್ಸಿಯಲ್ಲಿ ಕಳೆದ 1 ಕೋಟಿ ವರ್ಷದ ಕಣಗಳು ಏಳೇ ಏಳು. ಅತಿನೇರಳೆ ಬೆಳಕಿನ ದೊಡ್ಡ ಪಾಲು ಇಂಥ ಎಳೆಯ ಕಣಗಳದೇ. ಹಾಗಾಗಿ ಚಿತ್ರದಲ್ಲಿ ಏಳು ಉರಿಯುವ ಚುಕ್ಕೆ ಬಿದ್ದು ಸುರುಳಿ ತೋಳು ಮಾಯವಾಗುತ್ತದೆ. ಅದನ್ನು ನೋಡಿ "ನಕ್ಷತ್ರ ಹುಟ್ಟು ಗುಂಪುಗುಂಪಾಗಿದೆ" ಎಂದು ಬರೆದರೆ ಅದು ಗೆಲಾಕ್ಸಿಯ ಗುಣವಲ್ಲ, ಕಣಗಳ ಲೆಕ್ಕ. ಎಳೆಯ ಕಣಗಳನ್ನೂ ನಕ್ಷತ್ರ ಹುಟ್ಟಿಸುತ್ತಿರುವ ಅನಿಲವನ್ನೂ ಚಿಕ್ಕ ಗುಚ್ಛಗಳಾಗಿ ಒಡೆದು, ವಯಸ್ಸನ್ನು ಹರಡಿ, ಆಮೇಲೆ ಬೆಳಕು ಲೆಕ್ಕ ಹಾಕಬೇಕು.

ಮುಂದಿನದು ಸಿಮ್ಯುಲೇಶನ್ ಚಿತ್ರಕ್ಕೆ ಒಂದೊಂದನ್ನೇ ಸೇರಿಸುವ ಕ್ರಮದ ಮಾತು: ಧೂಳು, ಪಿಎಸ್‌ಎಫ್ (ದೂರದರ್ಶಕ ಒಂದು ಚುಕ್ಕೆಯನ್ನು ಹರಡಿ ತೋರಿಸುವ ಮಸುಕು), ಹಿನ್ನೆಲೆ ಬೆಳಕು, ಕೊನೆಗೆ ಪಾಯ್ಸನ್ ನಾಯ್ಸ್ (ಫೋಟಾನ್ ಎಣಿಕೆಯಲ್ಲಿ ತಾನಾಗಿ ಬರುವ ಏರುಪೇರು). ಯುವಿಐಟಿ ಫೋಟಾನ್ ಎಣಿಸುವ ಉಪಕರಣ. ನಾಯ್ಸ್ ಮೊದಲು ಸೇರಿಸಿ ಆಮೇಲೆ ಪಿಎಸ್‌ಎಫ್ ಹಾಕಿದರೆ ನಾಯ್ಸೂ ಸವೆದುಹೋಗಿ, ಇಲ್ಲದ ಮಂದ ತಟ್ಟೆ ಕಾಣಿಸಿಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿ ಹೊಂದಿಕೆ ಬಂತೆನ್ನಿ. ಗೆಲಾಕ್ಸಿಗಳ ಇಂದಿನ ನಕ್ಷತ್ರ ದ್ರವ್ಯರಾಶಿಯ ಹಂಚಿಕೆ, ಗಾತ್ರ ಇವನ್ನೆಲ್ಲ ನೋಡಿಕೊಂಡೇ ಟಿಎನ್‌ಜಿಯ ಫೀಡ್‌ಬ್ಯಾಕ್ (ನಕ್ಷತ್ರಗಳೂ ಕಪ್ಪುಕುಳಿಗಳೂ ಸುತ್ತಲಿನ ಅನಿಲವನ್ನು ಕಾಯಿಸಿ ಹೊರದಬ್ಬುವುದು) ನಿಯತಾಂಕಗಳನ್ನು ಆರಿಸಿದ್ದಾರೆ. ಅಲ್ಲಿ ಹೊಂದಿದರೆ ಅದು ಸಾಕ್ಷ್ಯವಲ್ಲ. ಬಣ್ಣವನ್ನು ಹಾಗೆ ತಿದ್ದಿರಲಿಲ್ಲ; ಎಸ್‌ಡಿಎಸ್‌ಎಸ್ ಎಂಬ ಆಕಾಶ ಸಮೀಕ್ಷೆಯ ಗೆಲಾಕ್ಸಿಗಳ ಬಣ್ಣಕ್ಕೆ ಅದು ಹತ್ತಿರ ಬಂದದ್ದನ್ನು ನಾನು ಬಹಳ ದೊಡ್ಡದೆಂದೇ ಎಣಿಸುತ್ತೇನೆ.

ಕೊನೆಯಲ್ಲಿ ಅದೇ ಅಳತೆಯನ್ನು ಟಿಎನ್‌ಜಿ100ರ ಒರಟು ಆವೃತ್ತಿಯಾದ ಟಿಎನ್‌ಜಿ100-2ರಲ್ಲೂ ಮಾಡಿ. ಅದರ ಕಣಗಳು ಎಂಟು ಪಟ್ಟು ಭಾರ, ಸಾಫ್ಟನಿಂಗ್ ಎರಡು ಪಟ್ಟು. ಎರಡು ಸಿಮ್ಯುಲೇಶನ್‌ಗಳ ನಡುವಿನ ವ್ಯತ್ಯಾಸ ಸಿಮ್ಯುಲೇಶನ್‌ಗೂ ಯುವಿಐಟಿಗೂ ಇರುವಷ್ಟೇ ಇದ್ದರೆ, ಭೌತಶಾಸ್ತ್ರದ ಬಗ್ಗೆ ಆ ಹೋಲಿಕೆ ಇನ್ನೂ ಏನನ್ನೂ ಹೇಳಿಲ್ಲ.